ಹದಿಹರೆಯದ ಮಗುವಿಗೆ ದೂರವಾಣಿ, ಅಂತರ್ಜಾಲದ ಮೂಲಕ ಮನೋನೆರವು: ಮನೆಯವರು ಮಾಡಿಕೊಡಬೇಕಾದ ಸಿದ್ಧತೆ

ಮನಸ್ಸಿನ ತೊಂದರೆಗೆ ನೆರವು ಬೇಕೆಂದರೆ ದೊಡ್ಡ ಊರಿನ ಆಸ್ಪತ್ರೆಯ ಬಾಗಿಲಿಗೇ ಹೋಗಬೇಕೆಂಬ ಕಾಲ ಈಗಿಲ್ಲ. 2022ರ ಅಕ್ಟೋಬರ್ 10ರಂದು, ಅಂದರೆ ವಿಶ್ವ ಮಾನಸಿಕ ಆರೋಗ್ಯ ದಿನದಂದು, ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿಯೆನ್ನದೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಈ ವ್ಯವಸ್ಥೆಯ ಕೇಂದ್ರಸ್ಥಾನ ಬೆಂಗಳೂರಿನ ನಿಮ್ಹಾನ್ಸ್. ತಾಂತ್ರಿಕ ಬೆಂಬಲ ಬೆಂಗಳೂರಿನದೇ ಆದ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯದು. ಇದರ ಜೊತೆಗೆ ವಿಡಿಯೊ ಕರೆಯಲ್ಲಿ ಸಿಗುವ ಮನೋವೈದ್ಯರಿದ್ದಾರೆ, ಖಾಸಗಿ ಆ್ಯಪ್‌ಗಳಿವೆ.

ನೆರವಿನ ಅಗತ್ಯವಿರುವ ಮಕ್ಕಳೂ ಕಡಿಮೆಯಿಲ್ಲ. ನಿಮ್ಹಾನ್ಸ್ ಮುಂದಾಳುತನದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಮಾನಸಿಕ ಅಸ್ವಸ್ಥತೆ ಇದೆಯೆಂದು ಅಂದಾಜಿಸಿತು. 50 ಮಕ್ಕಳ ತರಗತಿಯಲ್ಲಿ ಮೂರು ನಾಲ್ಕು ಮಕ್ಕಳೆಂದು ಲೆಕ್ಕ ಹಾಕಿದರೆ ಇದರ ಅಳತೆ ಸಿಗುತ್ತದೆ. ಒಂದು ಕಡೆ ಸೇವೆ ಇದೆ, ಇನ್ನೊಂದು ಕಡೆ ಮಕ್ಕಳಿದ್ದಾರೆ. ಇವೆರಡೂ ಸೇರದಿರಲು ಇರುವ ಕಾರಣಗಳಲ್ಲಿ ತೀರಾ ಸರಳವಾದ ಒಂದನ್ನು ನಾವು ಗಮನಿಸುವುದೇ ಇಲ್ಲ. ಹದಿನೈದು ವರ್ಷದ ಹುಡುಗಿ ಯಾರಿಗೂ ಕೇಳಿಸದಂತೆ ಅರ್ಧ ಗಂಟೆ ಫೋನಿನಲ್ಲಿ ಮಾತನಾಡಲು ನಮ್ಮ ಬಹುಪಾಲು ಮನೆಗಳಲ್ಲಿ ಜಾಗವಿಲ್ಲ. ಫೋನ್ ಅಪ್ಪನದು, ಕೋಣೆ ಎಲ್ಲರದು, ಕರೆಗಳ ಪಟ್ಟಿಯನ್ನು ಅಣ್ಣ ನೋಡುತ್ತಾನೆ. ಹೀಗಿರುವಲ್ಲಿ ಸಂಖ್ಯೆಯನ್ನು ಕೊಟ್ಟರೆ ಕೆಲಸ ಮುಗಿಯುವುದಿಲ್ಲ. ಮಗುವಿಗೆ ಮರೆ ಒದಗಿಸುವುದು, ಆ ಮರೆಯ ಎಲ್ಲೆ ಎಲ್ಲಿಯವರೆಗೆಂದು ಮೊದಲೇ ಪ್ರಾಮಾಣಿಕವಾಗಿ ತಿಳಿಸುವುದು, ಆಮೇಲೆ ಕೈಬಿಡದೆ ಜೊತೆಯಲ್ಲಿರುವುದು ಹಿರಿಯರ ಪಾಲಿನ ಕೆಲಸ. ಅದನ್ನು ಹೇಗೆ ಮಾಡಬೇಕೆಂಬುದನ್ನು ತಂದೆತಾಯಿಯರಿಗೂ ಶಿಕ್ಷಕರಿಗೂ ಇಲ್ಲಿ ವಿವರಿಸಲಾಗಿದೆ.

ಯಾವಾಗ ನೆರವು ಕೇಳಬೇಕು

ಹದಿಹರೆಯದಲ್ಲಿ ಸಿಡುಕು, ಮೌನ, ಬಾಗಿಲು ಹಾಕಿಕೊಂಡು ಕೂರುವುದು ಸಾಮಾನ್ಯ. ಅವೆಲ್ಲವನ್ನೂ ಕಾಯಿಲೆಯೆಂದು ಎಣಿಸಬೇಕಾಗಿಲ್ಲ. ಗಮನಿಸಬೇಕಾದದ್ದು ಬದಲಾವಣೆಯನ್ನು, ಅದು ಎಷ್ಟು ದಿನ ಉಳಿಯಿತೆಂಬುದನ್ನು ಮತ್ತು ಮಗುವಿನ ದಿನನಿತ್ಯದ ಬದುಕಿಗೆ ಅದು ಎಷ್ಟು ಅಡ್ಡಿಯಾಗಿದೆ ಎಂಬುದನ್ನು. ನಿದ್ದೆ ಕೆಟ್ಟಿದೆ, ಊಟ ಅರ್ಧಕ್ಕೆ ನಿಲ್ಲುತ್ತಿದೆ, ಇಷ್ಟದ ಆಟಕ್ಕೆ ಹೋಗುತ್ತಿಲ್ಲ, ಗೆಳೆಯರಿಂದ ದೂರವಾಗಿದ್ದಾನೆ, ಬೆಳಿಗ್ಗೆ ಶಾಲೆಯ ಹೊತ್ತಿಗೆ ಮಾತ್ರ ಹೊಟ್ಟೆನೋವು ಬರುತ್ತಿದೆ ಎಂಬಂಥ ಸ್ಥಿತಿ ಎರಡು ವಾರ ಮುಂದುವರಿದರೆ ಕರೆ ಮಾಡಲು ಅಷ್ಟೇ ಕಾರಣ ಸಾಕು. ಕಾಯಿಲೆ ಏನೆಂದು ಮನೆಯವರು ಮೊದಲೇ ತೀರ್ಮಾನಿಸಿಕೊಂಡು ಕರೆ ಮಾಡಬೇಕಾಗಿಲ್ಲ. ಅದನ್ನು ಕಂಡುಹಿಡಿಯುವುದು ತಜ್ಞರ ಕೆಲಸ.

ಮಗು ಸಾಯುವ ಮಾತಾಡಿದರೆ, ತನಗೆ ತಾನೇ ಗಾಯ ಮಾಡಿಕೊಂಡದ್ದು ಕಂಡರೆ, ಇಲ್ಲದ ಧ್ವನಿಗಳು ಕೇಳಿಸುತ್ತಿವೆ ಎಂದರೆ ಎರಡು ವಾರ ಕಾಯುವ ಪ್ರಶ್ನೆಯೇ ಇಲ್ಲ. ಅಂಥ ಹೊತ್ತಿನಲ್ಲಿ ಏನು ಮಾಡಬೇಕೆಂಬುದು ಮುಂದೆ ಪ್ರತ್ಯೇಕವಾಗಿ ಇದೆ.

ಮಾತು ತೆಗೆಯುವ ಬಗೆ

ಎದುರು ಕೂರಿಸಿಕೊಂಡು ವಿಚಾರಣೆಯ ಧಾಟಿಯಲ್ಲಿ ಕೇಳಿದರೆ ಹದಿಹರೆಯದವರು ಮಾತು ನಿಲ್ಲಿಸಿಬಿಡುತ್ತಾರೆ. ಪಕ್ಕಪಕ್ಕದಲ್ಲಿ ಏನಾದರೂ ಕೆಲಸ ಮಾಡುವಾಗ, ಬೈಕಿನಲ್ಲಿ ಹೋಗುವಾಗ, ಬಟ್ಟೆ ಮಡಿಸುವಾಗ ಮಾತು ತೆಗೆಯುವುದು ಸುಲಭ, ಏಕೆಂದರೆ ಆಗ ಕಣ್ಣಿಗೆ ಕಣ್ಣು ಕೊಡಬೇಕಾಗಿಲ್ಲ. ಆರಂಭದ ಮಾತಿನಲ್ಲಿ ಕಂಡದ್ದನ್ನು ಮಾತ್ರ ಹೇಳಬೇಕು, ಕಾರಣವನ್ನು ಊಹಿಸಬಾರದು. ತಾಯಿಯೊಬ್ಬಳು ಮಗಳೊಡನೆ ಹೀಗೆ ಶುರುಮಾಡಬಹುದು:

“ಪುಟ್ಟಿ, ಒಂದೆರಡು ವಾರದಿಂದ ರಾತ್ರಿ ಬಹಳ ಹೊತ್ತು ಎದ್ದೇ ಇರ್ತೀಯ. ನೀನು ಬೈಗುಳ ತಿನ್ನಬೇಕು ಅಂತ ಕೇಳ್ತಿಲ್ಲ. ಏನಾಗ್ತಿದೆ ಅಂತ ಹೇಳ್ತೀಯಾ?”

“ಏನಿಲ್ಲ ಬಿಡಮ್ಮ.”

“ಸರಿ. ಈಗಲೇ ಹೇಳಬೇಕು ಅಂತೇನಿಲ್ಲ. ನನ್ನ ಹತ್ತಿರ ಹೇಳೋಕೆ ಕಷ್ಟ ಆದರೆ ಬೇರೆಯವರ ಹತ್ತಿರ ಮಾತಾಡಬಹುದು. ಫೋನಲ್ಲೇ ಮಾತಾಡೋರು ಇದಾರೆ, ಅದೇ ಅವರ ಕೆಲಸ. ನಾನು ಕೇಳಿಸಿಕೊಳ್ಳಲ್ಲ.”

ಇಲ್ಲಿ ಕೊನೆಯ ಮಾತೇ ಮುಖ್ಯವಾದದ್ದು. ಮಗಳು ಅಂದೇ ಒಪ್ಪದಿದ್ದರೂ ಬಾಗಿಲು ತೆರೆದಿದೆ ಎಂಬುದು ಅವಳಿಗೆ ಗೊತ್ತಾಯಿತು. ಎರಡು ಮೂರು ದಿನ ಬಿಟ್ಟು ಇನ್ನೊಮ್ಮೆ ಕೇಳಬಹುದು. ‘ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ’, ‘ನಿನಗೇನು ಕಡಿಮೆಯಾಗಿದೆ’, ‘ಮೊಬೈಲ್ ಕಿತ್ತಿಟ್ಟರೆ ಎಲ್ಲ ಸರಿಹೋಗುತ್ತದೆ’ ಎಂಬ ಮೂರು ಮಾತುಗಳನ್ನು ದಯವಿಟ್ಟು ಆಡಬೇಡಿ. ಅವುಗಳಲ್ಲಿ ಮೂರನೆಯದು ಹೆಚ್ಚು ಹಾನಿ ಮಾಡುವಂಥದು, ಏಕೆಂದರೆ ಹೇಳಿಕೊಂಡರೆ ಫೋನ್ ಹೋಗುತ್ತದೆಂದು ಗೊತ್ತಾದ ಮಗು ಮತ್ತೆ ಹೇಳಿಕೊಳ್ಳುವುದಿಲ್ಲ. ರಾತ್ರಿ ಫೋನನ್ನು ಮಲಗುವ ಜಾಗದಿಂದ ಹೊರಗಿಡುವ ನಿಯಮ ಬೇಕಿದ್ದರೆ ಇಡೀ ಮನೆಗೆ ಅನ್ವಯಿಸುವಂತೆ ಮಾಡಿ. ಈ ವಯಸ್ಸಿಗೆ ದಿನಕ್ಕೆ 8ರಿಂದ 10 ಗಂಟೆಯ ನಿದ್ದೆ ಬೇಕು ಎಂಬುದು ನಿಜವಾದ ಕಾರಣ, ಅದನ್ನೇ ಹೇಳಿ. ಶಿಕ್ಷೆಯ ರೂಪದಲ್ಲಿ ಮಾತ್ರ ಫೋನ್ ಕಿತ್ತುಕೊಳ್ಳಬೇಡಿ.

ಮರೆಯನ್ನು ಒದಗಿಸುವುದು

ಮಗು ಒಪ್ಪಿದ ಮೇಲೆ ಮೊದಲು ಜಾಗ ನೋಡಬೇಕು. ಬೇರೆ ಕೋಣೆ ಇದ್ದರೆ ಸರಿ, ಇಲ್ಲದಿದ್ದರೆ ಮನೆಯ ಉಳಿದವರು ಹೊರಗೆ ಹೋಗುವ ಹೊತ್ತನ್ನು ಆರಿಸಿಕೊಳ್ಳಬೇಕು. ಒಂದೇ ಕೋಣೆಯ ಮನೆಯಲ್ಲಿ ತಾಯಿ ಚಿಕ್ಕ ಮಕ್ಕಳನ್ನು ಕರೆದುಕೊಂಡು ಅಂಗಡಿಗೋ ದೇವಸ್ಥಾನಕ್ಕೋ ಹೋಗಿ ಬರುವುದೇ ಆ ಹೊತ್ತಿನಲ್ಲಿ ಮಾಡಬಹುದಾದ ದೊಡ್ಡ ಸಹಾಯ. ಮಾಳಿಗೆ, ತೋಟದ ಕಟ್ಟೆ, ಶಾಲೆಯ ಗ್ರಂಥಾಲಯದ ಕೋಣೆ, ನಂಬಿಕೆಯ ಚಿಕ್ಕಮ್ಮನ ಮನೆ ಇವೆಲ್ಲವೂ ಆಗುತ್ತವೆ. ಬಾಗಿಲ ಆಚೆ ನಿಂತು ಕೇಳಿಸಿಕೊಳ್ಳುವುದು ಮಾತ್ರ ಕೂಡದು; ನೆರಳು ಕಂಡರೂ ಮಗುವಿನ ಮಾತು ಬದಲಾಗುತ್ತದೆ.

ಇಯರ್‌ಫೋನ್ ಹಾಕಿಕೊಂಡರೆ ಅತ್ತ ಕಡೆಯವರ ಪ್ರಶ್ನೆ ಹೊರಗೆ ಕೇಳಿಸುವುದಿಲ್ಲ. ಆಗ ಅಕ್ಕಪಕ್ಕದಲ್ಲಿ ಜನರಿದ್ದರೂ ಮಗು ‘ಹೌದು’, ‘ಇಲ್ಲ’, ‘ಆಮೇಲೆ ಹೇಳ್ತೀನಿ’ ಎಂಬಷ್ಟರಲ್ಲೇ ಉತ್ತರಿಸಬಹುದು. ‘ಈಗ ಪಕ್ಕದಲ್ಲಿ ಜನ ಇದ್ದಾರೆ, ನೀವು ಕೇಳಿ, ನಾನು ಹೌದು ಇಲ್ಲ ಅಂತೀನಿ’ ಎಂದು ಆರಂಭದಲ್ಲೇ ತಿಳಿಸಿದರೆ ಕೆಲಸ ಇನ್ನೂ ಸುಲಭವಾಗುತ್ತದೆ. ವಿಡಿಯೊ ಕರೆಯಾದರೆ ಬೆನ್ನು ಗೋಡೆಯ ಕಡೆಗಿರುವಂತೆ ಕೂರುವುದು ಒಳ್ಳೆಯದು. ಹಿಂದಿನಿಂದ ಯಾರೂ ಬರುವಂತಿಲ್ಲ ಎಂಬ ಭರವಸೆ ಮಾತಾಡುವವರಿಗೂ ಕೇಳುವವರಿಗೂ ಇರುತ್ತದೆ.

ಫೋನ್ ಯಾರದು ಎಂಬುದು ಇನ್ನೊಂದು ಪ್ರಶ್ನೆ. ಮನೆಯಲ್ಲಿ ಒಂದೇ ಸ್ಮಾರ್ಟ್‌ಫೋನ್ ಇದ್ದರೆ ಕರೆಗಳ ಪಟ್ಟಿಯಲ್ಲಿ 14416 ಕಾಣಿಸುತ್ತದೆ, ಹಿಂದಿರುಗಿ ಬರುವ ಕರೆಯನ್ನು ಬೇರೆಯವರು ಎತ್ತಬಹುದು, ವಾಟ್ಸ್‌ಆ್ಯಪ್ ಸಂದೇಶ ತೆರೆಯದೆಯೇ ಪರದೆಯ ಮೇಲೆ ಮೂಡಬಹುದು. ಇದಕ್ಕೆ ಮೂರು ಪರಿಹಾರಗಳಿವೆ. ಸಂದೇಶದ ಒಳವಿವರ ಲಾಕ್ ಆದ ಪರದೆಯಲ್ಲಿ ಕಾಣದಂತೆ ನೋಟಿಫಿಕೇಶನ್ ಸೆಟ್ಟಿಂಗ್ ಬದಲಿಸಬಹುದು. ಮತ್ತೆ ಕರೆ ಮಾಡುವುದಾದರೆ ಯಾವ ಹೊತ್ತಿಗೆ ಮಾಡಬೇಕು, ಬೇರೆಯವರು ಎತ್ತಿದರೆ ಏನೆನ್ನಬೇಕು ಎಂಬುದನ್ನು ಸಮಾಲೋಚಕರಿಗೆ ಮೊದಲೇ ತಿಳಿಸಬಹುದು. ಮೂರನೆಯದು ಎಲ್ಲಕ್ಕಿಂತ ಉತ್ತಮವಾದದ್ದು: ಮನೆಯ ಹಿರಿಯರೊಬ್ಬರು ‘ಈ ಫೋನು ಸಂಜೆ ಐದರಿಂದ ಆರರವರೆಗೆ ಇವಳದು, ಆಗ ಯಾರೂ ಮುಟ್ಟುವ ಹಾಗಿಲ್ಲ’ ಎಂದು ಎಲ್ಲರೆದುರು ಹೇಳಿಬಿಡುವುದು.

ಮನೆಯೊಳಗೇ ಅಪಾಯವಿರುವ ಮಗುವಿನ ವಿಷಯ ಬೇರೆ. ಹೊಡೆತ, ಲೈಂಗಿಕ ಹಿಂಸೆ, ಬಲವಂತದ ಮದುವೆಯ ಮಾತು ಮನೆಯಲ್ಲೇ ಇದ್ದರೆ ಫೋನನ್ನು ಮನೆಯಲ್ಲಿ ಬಳಸುವುದು ಸುರಕ್ಷಿತವಲ್ಲ. ಅಂಥ ಮಗುವಿಗೆ ಶಾಲೆಯಿಂದಲೇ ಕರೆ ಮಾಡಿಸಬೇಕು, ಮಕ್ಕಳ ಸಹಾಯವಾಣಿ 1098ನ್ನೂ ಸೇರಿಸಿಕೊಳ್ಳಬೇಕು.

ಮೊದಲ ಕರೆ ಹೇಗಿರುತ್ತದೆ

ಏನಾಗುತ್ತದೆಂದು ಗೊತ್ತಿಲ್ಲದಿರುವುದೇ ಮೊದಲ ಕರೆಯ ಹೆದರಿಕೆಯ ಬಹುಪಾಲು. ಆದ್ದರಿಂದ ಮಗುವಿಗೆ ಕ್ರಮವನ್ನು ಮೊದಲೇ ವಿವರಿಸಿ. 14416ಕ್ಕೆ ಕರೆ ಮಾಡಿದಾಗ ಮೊದಲು ಧ್ವನಿಮುದ್ರಿತ ಸೂಚನೆ ಬರುತ್ತದೆ, ಭಾಷೆಯನ್ನು ಆರಿಸಿಕೊಳ್ಳಬೇಕು. ಆಮೇಲೆ ತರಬೇತಿ ಪಡೆದ ಆಪ್ತಸಮಾಲೋಚಕರೊಬ್ಬರು ಮಾತಿಗೆ ಸಿಗುತ್ತಾರೆ. ಹೆಚ್ಚಿನ ಸಂದರ್ಭಗಳಲ್ಲಿ ಅವರೊಡನೆ ಮಾತಾಡುವುದರಿಂದಲೇ ಮುಂದಿನ ದಾರಿ ತಿಳಿಯುತ್ತದೆ. ಅಗತ್ಯ ಕಂಡುಬಂದರೆ ಅವರು ಮನೋವೈದ್ಯರಂಥ ತಜ್ಞರಿಗೆ ಕರೆಯನ್ನು ದಾಟಿಸುತ್ತಾರೆ, ನೇರವಾಗಿ ನೋಡಬೇಕಾದ ಸ್ಥಿತಿಯಿದ್ದರೆ ಹತ್ತಿರದ ಆಸ್ಪತ್ರೆಯನ್ನು ಸೂಚಿಸುತ್ತಾರೆ.

ಮೊದಲ ವಾಕ್ಯ ಗಂಟಲಲ್ಲಿ ಸಿಕ್ಕಿಕೊಳ್ಳುವುದು ಸಹಜ. ಅದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಓದಿದರೂ ನಡೆಯುತ್ತದೆ: ‘ನನಗೆ ಹದಿನಾರು ವರ್ಷ. ಒಂದು ತಿಂಗಳಿಂದ ನಿದ್ದೆ ಬರ್ತಿಲ್ಲ, ಓದೋಕೆ ಕೂತರೆ ಎದೆ ಹೊಡೆದುಕೊಳ್ಳುತ್ತೆ. ಯಾರಿಗೂ ಹೇಳಿಲ್ಲ.’ ಇಷ್ಟು ಸಾಕು, ಉಳಿದದ್ದನ್ನು ಅವರೇ ಕೇಳುತ್ತಾರೆ. ನಿದ್ದೆ, ಊಟ, ಓದು, ಗೆಳೆಯರು, ಮನೆಯ ವಾತಾವರಣ, ಮೊದಲು ಯಾವಾಗಲಾದರೂ ಹೀಗಾಗಿತ್ತೇ, ಈಗ ಯಾವುದಾದರೂ ಔಷಧ ನಡೆಯುತ್ತಿದೆಯೇ, ಸಾಯುವ ಯೋಚನೆ ಬಂದಿದೆಯೇ ಎಂಬಂಥ ಪ್ರಶ್ನೆಗಳಿರುತ್ತವೆ. ಕೊನೆಯ ಪ್ರಶ್ನೆಯನ್ನು ಅವರು ಎಲ್ಲರಿಗೂ ಕೇಳಬೇಕಾಗುತ್ತದೆ ಎಂದು ಮಗುವಿಗೆ ಮೊದಲೇ ತಿಳಿಸಿದ್ದರೆ ಅದು ಕೇಳಿ ಬೆಚ್ಚಿಬೀಳುವುದಿಲ್ಲ. ಹೆಸರು ಹೇಳಲು ಹಿಂಜರಿಕೆಯಿದ್ದರೆ ಆ ಹಿಂಜರಿಕೆಯನ್ನೇ ಮೊದಲು ಹೇಳಬಹುದು. ಉತ್ತರ ಕೊಡಲು ಇಷ್ಟವಿಲ್ಲದ ಪ್ರಶ್ನೆಗೆ ‘ಇದನ್ನು ಇವತ್ತು ಬೇಡ’ ಎನ್ನುವ ಹಕ್ಕು ಮಗುವಿಗೆ ಇದೆ.

ಕರೆ ನಡುವೆ ಕಡಿದುಹೋಗಬಹುದು, ಸಾಲಿನಲ್ಲಿ ಕಾಯಬೇಕಾಗಬಹುದು, ಮೊದಲು ಸಿಕ್ಕವರ ಮಾತು ಮನಸ್ಸಿಗೆ ಹಿಡಿಸದೆಯೂ ಇರಬಹುದು. ಒಂದು ಕರೆ ಸರಿಹೋಗದಿದ್ದರೆ ಇಡೀ ದಾರಿಯೇ ಸರಿಯಿಲ್ಲವೆಂದು ತೀರ್ಮಾನಿಸದೆ ಮತ್ತೊಮ್ಮೆ ಮಾಡಬೇಕು. ಕರೆ ಮುಗಿದ ಮೇಲೆ ‘ಏನಂದರು, ನೀನೇನಂದೆ’ ಎಂದು ಮುತ್ತಿಗೆ ಹಾಕಬೇಡಿ. ‘ಮಾತಾಡಿದ್ದು ಒಳ್ಳೇದಾಯ್ತು. ನನ್ನಿಂದ ಏನಾದರೂ ಆಗಬೇಕಿದ್ದರೆ ಹೇಳು’ ಎಂದರೆ ಆ ದಿನಕ್ಕೆ ಸಾಕು.

ತಂದೆತಾಯಿಯರೂ ತಮ್ಮ ಕಡೆಯಿಂದ ಇದೇ ಸಂಖ್ಯೆಗೆ ಕರೆ ಮಾಡಬಹುದೆಂಬುದನ್ನು ಮರೆಯಬಾರದು. ಮಗು ಒಪ್ಪದ ಮನೆಗಳಲ್ಲಿ ಆರಂಭ ಅಲ್ಲಿಂದಲೇ ಆಗಬೇಕಾಗುತ್ತದೆ. ಮಗುವಿನೊಡನೆ ಹೇಗೆ ನಡೆದುಕೊಳ್ಳಬೇಕೆಂದು ಕೇಳಿ ತಿಳಿದುಕೊಂಡರೆ ಮನೆಯ ಗಾಳಿ ಸ್ವಲ್ಪ ತಿಳಿಯಾಗುತ್ತದೆ.

ಗುಟ್ಟಿನ ಎಲ್ಲೆ

‘ನೀನು ಹೇಳಿದ್ದು ಯಾರಿಗೂ ಗೊತ್ತಾಗುವುದೇ ಇಲ್ಲ’ ಎಂಬ ಮಾತನ್ನು ಮಗುವಿಗೆ ಕೊಡಬೇಡಿ, ಅದು ಪೂರ್ತಿ ನಿಜವಲ್ಲ. ಗುಟ್ಟನ್ನು ಕಾಪಾಡುವುದು ಕಾನೂನಿನ ಕಟ್ಟಳೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ವಿವರಗಳು ಗೋಪ್ಯವಾಗಿರಬೇಕೆಂಬ ಹಕ್ಕನ್ನು ಕೊಟ್ಟಿದೆ. ಆದರೆ ಜೀವಕ್ಕೆ ಅಪಾಯವಿದ್ದಾಗ ಗುಟ್ಟಿಗಿಂತ ಜೀವ ದೊಡ್ಡದು. ಹಾಗೆಯೇ 18 ತುಂಬದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಈ ಹೊಣೆ ಸಮಾಲೋಚಕರಿಗಷ್ಟೇ ಅಲ್ಲ, ವಿಷಯ ತಿಳಿದ ಶಿಕ್ಷಕರಿಗೂ ತಂದೆತಾಯಿಯರಿಗೂ ಇದೆ. 18 ತುಂಬದವರ ಚಿಕಿತ್ಸೆಯ ತೀರ್ಮಾನಗಳಲ್ಲಿ ಪೋಷಕರ ಪಾಲೂ ಇರುತ್ತದೆ.

ಇದನ್ನೆಲ್ಲ ಮಗುವಿಗೆ ಅದರ ವಯಸ್ಸಿನ ಮಾತಿನಲ್ಲಿ ಹೀಗೆ ಹೇಳಬಹುದು: ‘ನೀನು ಹೇಳಿದ್ದನ್ನು ಅವರು ನಮಗೆ ಹೇಳಲ್ಲ. ನಿನ್ನ ಜೀವಕ್ಕೆ ಅಪಾಯ ಇದೆ ಅಂತ ಅನ್ನಿಸಿದರೆ, ಅಥವಾ ಯಾರಾದರೂ ನಿನ್ನನ್ನು ಕೆಟ್ಟದಾಗಿ ಮುಟ್ಟಿದ್ದರೆ, ಆಗ ಮಾತ್ರ ನಿನ್ನನ್ನು ಕಾಪಾಡೋಕೆ ಬೇರೆಯವರಿಗೂ ಹೇಳಬೇಕಾಗುತ್ತೆ.’ ಎಲ್ಲೆಯನ್ನು ತಿಳಿದು ಮಾತಾಡಿದ ಮಗು ಮುಂದೆ ನಂಬಿಕೆದ್ರೋಹವಾಯಿತೆಂದು ಒಡೆದುಹೋಗುವುದಿಲ್ಲ. ಈ ಒಂದು ಮಾತನ್ನು ಮೊದಲೇ ಆಡುವ ಧೈರ್ಯವನ್ನು ನಾವು ತೋರಿಸಲೇಬೇಕು.

ಖಾಸಗಿ ಆ್ಯಪ್ ಅಥವಾ ವಿಡಿಯೊ ಸಮಾಲೋಚನೆಯನ್ನು ಆರಿಸುವಾಗ

ದುಡ್ಡು ಕೊಟ್ಟು ಪಡೆಯುವ ಸೇವೆಯಲ್ಲಿ ಮೊದಲು ನೋಡಬೇಕಾದದ್ದು ಅತ್ತ ಕಡೆ ಕೂತವರ ಅರ್ಹತೆ. ಮನೋವೈದ್ಯರೆಂದರೆ ಎಂಬಿಬಿಎಸ್ ನಂತರ ಮನೋವೈದ್ಯಶಾಸ್ತ್ರದಲ್ಲಿ ಹೆಚ್ಚಿನ ಶಿಕ್ಷಣ ಪಡೆದವರು. ಅವರಿಗೆ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ, ಔಷಧ ಬರೆಯುವ ಅಧಿಕಾರ ಇರುತ್ತದೆ. ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಅವರು ಮಾತಿನ ಮೂಲಕ ಚಿಕಿತ್ಸೆ ನೀಡುತ್ತಾರೆ, ಔಷಧ ಬರೆಯುವುದಿಲ್ಲ. ಆಪ್ತಸಮಾಲೋಚಕರಲ್ಲಿ ಬಹಳ ಒಳ್ಳೆಯ ತರಬೇತಿ ಪಡೆದವರೂ ಇದ್ದಾರೆ, ಕೆಲವೇ ವಾರಗಳ ಕೋರ್ಸ್ ಮುಗಿಸಿ ಫಲಕ ಹಾಕಿಕೊಂಡವರೂ ಇದ್ದಾರೆ. ಆದ್ದರಿಂದ ‘ಏನು ಓದಿದ್ದೀರಿ, ಎಲ್ಲಿ ತರಬೇತಿ, ಹದಿಹರೆಯದವರೊಡನೆ ಕೆಲಸ ಮಾಡಿದ್ದೀರಾ, ನಿಮ್ಮ ಮೇಲ್ವಿಚಾರಣೆ ಯಾರದು’ ಎಂದು ನೇರವಾಗಿ ಕೇಳಿ. ಒಳ್ಳೆಯವರು ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ. ‘ಹತ್ತು ದಿನದಲ್ಲಿ ಗುಣ’ ಎಂದು ಭರವಸೆ ಕೊಡುವವರಿಂದ, ಇಡೀ ವರ್ಷದ ಹಣವನ್ನು ಮುಂಗಡ ಕೇಳುವವರಿಂದ, ನಡೆಯುತ್ತಿರುವ ಔಷಧವನ್ನು ವೈದ್ಯರನ್ನು ಕೇಳದೆ ನಿಲ್ಲಿಸಿ ಎನ್ನುವವರಿಂದ ದೂರವಿರಿ.

2020ರ ಮಾರ್ಚ್ 25ರಂದು ಹೊರಬಂದ ದೂರವೈದ್ಯಕೀಯ ಮಾರ್ಗಸೂಚಿಯ ಪ್ರಕಾರ ಅಪ್ರಾಪ್ತ ವಯಸ್ಸಿನವರು ವೈದ್ಯರೊಡನೆ ದೂರದಿಂದ ಸಮಾಲೋಚಿಸುವಾಗ ವಯಸ್ಕರೊಬ್ಬರು ಜೊತೆಗಿರಬೇಕು, ಅವರ ಗುರುತನ್ನು ವೈದ್ಯರು ಖಚಿತಪಡಿಸಿಕೊಳ್ಳಬೇಕು. ಇದರರ್ಥ ಇಡೀ ಹೊತ್ತು ತಾಯಿ ಪಕ್ಕದಲ್ಲೇ ಕೂರಬೇಕೆಂದಲ್ಲ. ಆರಂಭದಲ್ಲಿ ಹಿರಿಯರು ಗುರುತು ತಿಳಿಸಿ, ತಾವು ಕಂಡದ್ದನ್ನು ಹೇಳಿ, ನಡುವೆ ಮಗುವನ್ನು ಒಂಟಿಯಾಗಿ ಮಾತಾಡಲು ಬಿಟ್ಟು, ಕೊನೆಯಲ್ಲಿ ಔಷಧದ ವಿವರ ಕೇಳಲು ಮತ್ತೆ ಬರುವಂತೆ ವೈದ್ಯರನ್ನು ಕೇಳಿಕೊಳ್ಳಬಹುದು. ಕೆಲವು ಔಷಧಗಳನ್ನು ದೂರದಿಂದ ಬರೆಯುವಂತೆಯೇ ಇಲ್ಲ. ನೇರವಾಗಿ ಬನ್ನಿ ಎಂದು ವೈದ್ಯರು ಹೇಳಿದರೆ ಅದು ನಿಯಮದ ಪಾಲನೆ, ಅಸಡ್ಡೆಯಲ್ಲ.

ಆ್ಯಪ್ ಹಾಕಿಕೊಳ್ಳುವಾಗ ಅದು ಕೇಳುವ ಅನುಮತಿಗಳನ್ನು ಒಂದೊಂದಾಗಿ ನೋಡಿ. ಮನಸ್ಸಿನ ಸ್ಥಿತಿಯನ್ನು ದಿನವೂ ಗುರುತು ಹಾಕಿಕೊಳ್ಳುವ ಆ್ಯಪ್‌ಗೆ ನಿಮ್ಮ ಫೋನಿನ ಹೆಸರುಗಳ ಪಟ್ಟಿಯಾಗಲಿ, ನೀವಿರುವ ಜಾಗವಾಗಲಿ ಬೇಕಾಗಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನು ಮಕ್ಕಳೆಂದೇ ಪರಿಗಣಿಸುತ್ತದೆ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ವಯಸ್ಸನ್ನು ಸುಳ್ಳು ಹೇಳಿ ಖಾತೆ ತೆರೆದರೆ ಈ ರಕ್ಷಣೆಯೇ ಕೈತಪ್ಪುತ್ತದೆ ಎಂದು ಮಗುವಿಗೆ ತಿಳಿಸಿ.

ಚಾಟ್‌ಬಾಟ್ ಮತ್ತು ರೀಲ್ಸ್

ರಾತ್ರಿ ಎರಡು ಗಂಟೆಗೆ ಸಿಗುವ ಚಾಟ್‌ಬಾಟ್ ಜೊತೆ ಮಕ್ಕಳು ಮನಸ್ಸು ಬಿಚ್ಚುತ್ತಿದ್ದಾರೆ. ಅದಕ್ಕೆ ಅವರನ್ನು ಬೈದು ಪ್ರಯೋಜನವಿಲ್ಲ. ಯಾರೂ ತೀರ್ಪು ಕೊಡದ ಜಾಗ ಅವರಿಗೆ ಅಲ್ಲಿ ಕಂಡಿದೆ. ಮನಸ್ಸಿನಲ್ಲಿರುವುದನ್ನು ಬರೆದು ಜೋಡಿಸಿಕೊಳ್ಳಲು, ವೈದ್ಯರನ್ನು ಏನು ಕೇಳಬೇಕೆಂದು ಪಟ್ಟಿಮಾಡಲು ಅದು ಉಪಯೋಗಕ್ಕೆ ಬರಬಹುದು. ಆದರೆ ಅದು ಕೇಳುವವರ ಮಾತಿಗೆ ತಲೆಯಾಡಿಸುವ ಕಡೆಗೇ ವಾಲುತ್ತದೆ, ಮುಖ ನೋಡುವುದಿಲ್ಲ, ಅಪಾಯದ ಹೊತ್ತಿನಲ್ಲಿ ಮನೆಗೆ ಬರುವುದಿಲ್ಲ. ಔಷಧದ ಪ್ರಮಾಣ, ಸಾಯುವ ಯೋಚನೆ, ಹಿಂಸೆ ಈ ಮೂರು ವಿಷಯಗಳನ್ನು ಮನುಷ್ಯರೊಡನೆ ಮಾತ್ರ ಮಾತಾಡಬೇಕೆಂಬ ಒಪ್ಪಂದವನ್ನು ಮಗುವಿನೊಡನೆ ಮಾಡಿಕೊಳ್ಳಿ. ರೀಲ್ಸ್ ನೋಡಿ ‘ನನಗೆ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಇದೆ’ ಎಂದು ಮಗು ಬಂದರೆ ನಗಬೇಡಿ, ಒಪ್ಪಿಬಿಡಲೂ ಬೇಡಿ. ಯಾವ ಲಕ್ಷಣ ತನ್ನದೆಂದು ಅದಕ್ಕೆ ಅನ್ನಿಸಿತೋ ಅದನ್ನು ಬರೆಸಿಕೊಂಡು ತಜ್ಞರ ಮುಂದಿಡಿ.

ತೊಂದರೆ ಅಂತರ್ಜಾಲದಿಂದಲೇ ಬಂದಿದ್ದರೆ

ಖಾಸಗಿ ಚಿತ್ರ ಇಟ್ಟುಕೊಂಡು ಬೆದರಿಸುವವರ ಕೈಗೆ ಸಿಕ್ಕ ಮಗುವಿಗೆ ಮೊದಲು ಬೇಕಾದದ್ದು ‘ತಪ್ಪು ನಿನ್ನದಲ್ಲ, ಇದರಿಂದ ಹೊರಬರುವ ದಾರಿ ಇದೆ’ ಎಂಬ ಮಾತು. ಹಣ ಕೊಡಬೇಡಿ, ಏಕೆಂದರೆ ಕೊಟ್ಟ ಮೇಲೆ ಬೆದರಿಕೆ ನಿಲ್ಲದೆ ಹೆಚ್ಚುತ್ತದೆ. ಸಿಟ್ಟಿನಲ್ಲಿ ಎಲ್ಲವನ್ನೂ ಅಳಿಸಿಹಾಕಬೇಡಿ. ಬೆದರಿಕೆಯ ಸಂದೇಶ, ಖಾತೆಯ ಹೆಸರು, ಹಣ ಕೇಳಿದ ಯುಪಿಐ ವಿವರ ಇವುಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಆಮೇಲೆ ಬ್ಲಾಕ್ ಮಾಡಿ. ಮಗುವಿನ ಖಾಸಗಿ ಚಿತ್ರವನ್ನು ಮಾತ್ರ ನೀವು ನಕಲು ಮಾಡಬಾರದು, ಯಾರಿಗೂ ಕಳಿಸಬಾರದು. ದೂರನ್ನು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದಾಖಲಿಸಬಹುದು, ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. 18 ತುಂಬುವ ಮೊದಲು ತೆಗೆದ ಚಿತ್ರಗಳಿಗಾಗಿ ಅಮೆರಿಕದ ಮಕ್ಕಳ ರಕ್ಷಣಾ ಸಂಸ್ಥೆಯೊಂದು ನಡೆಸುವ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯಿದೆ. ಅಲ್ಲಿ ಚಿತ್ರವನ್ನು ಯಾರಿಗೂ ಕಳಿಸಬೇಕಾಗಿಲ್ಲ. ಫೋನಿನಲ್ಲೇ ಚಿತ್ರದ ಒಂದು ಅಂಕಿಗುರುತು ತಯಾರಾಗುತ್ತದೆ, ಆ ಗುರುತನ್ನು ಮಾತ್ರ ಬಳಸಿ ಸೇವೆಯಲ್ಲಿ ಸೇರಿರುವ ಜಾಲತಾಣಗಳು ಚಿತ್ರವನ್ನು ಹುಡುಕಿ ತೆಗೆಯುತ್ತವೆ. ದೂರಿನ ಕೆಲಸವೂ ಮನೋನೆರವಿನ ಕೆಲಸವೂ ಒಟ್ಟಿಗೆ ನಡೆಯಬೇಕು, ಒಂದು ಮುಗಿದ ಮೇಲೆ ಇನ್ನೊಂದೆಂದು ಕಾಯಬಾರದು.

ಆಟವನ್ನಾಗಲಿ ರೀಲ್ಸ್‌ಗಳನ್ನಾಗಲಿ ಬಿಡಲಾಗದೆ ಶಾಲೆ, ನಿದ್ದೆ ಎರಡೂ ಕೆಟ್ಟಿದ್ದರೆ ನಿಮ್ಹಾನ್ಸ್‌ನಲ್ಲಿ 2014ರಲ್ಲಿ ಆರಂಭವಾದ ‘ಷಟ್’ ಚಿಕಿತ್ಸಾಲಯ ತಂತ್ರಜ್ಞಾನದ ಆರೋಗ್ಯಕರ ಬಳಕೆಗೆಂದೇ ಇದೆ.

ಅಪಾಯದ ರಾತ್ರಿ

ಸಾಯುವ ಯೋಚನೆ ಬಂದಿದೆಯೇ ಎಂದು ಕೇಳಿದರೆ ಇಲ್ಲದ ಯೋಚನೆಯನ್ನು ತಲೆಯಲ್ಲಿ ತುಂಬಿದಂತಾಗುತ್ತದೆ ಎಂಬ ಭಯ ತಪ್ಪು ತಿಳಿವಳಿಕೆ. ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲವೆಂದು ಅಧ್ಯಯನಗಳು ತೋರಿಸಿವೆ. ಸುತ್ತಿ ಬಳಸದೆ ಕೇಳಿ: ‘ಸತ್ತುಹೋಗಬೇಕು ಅಂತ ಯೋಚನೆ ಬರ್ತಿದೆಯಾ ಕಂದಾ?’ ಹೌದೆಂಬ ಉತ್ತರ ಬಂದರೆ ಕೂಗಾಡದೆ, ಅಳದೆ, ದೇವರ ಆಣೆ ಹಾಕಿಸದೆ ‘ಹೇಳಿದ್ದು ಒಳ್ಳೇದಾಯ್ತು. ನಾನು ಇಲ್ಲೇ ಇರ್ತೀನಿ’ ಎಂದು ಹೇಳಿ ಪಕ್ಕದಲ್ಲಿ ಕುಳಿತುಕೊಳ್ಳಿ. ಮಗುವನ್ನು ಒಂಟಿಯಾಗಿ ಬಿಡಬೇಡಿ. ಹೊಲಕ್ಕೆಂದು ತಂದಿಟ್ಟ ಕೀಟನಾಶಕವನ್ನೂ ಮನೆಯ ಮಾತ್ರೆಗಳನ್ನೂ ಆ ರಾತ್ರಿಯೇ ಮನೆಯಿಂದ ಹೊರಗೆ ಸಾಗಿಸಿ, ಇಲ್ಲವೇ ಬೀಗ ಹಾಕಿ ಕೀಲಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ. ಅಂಥ ಯೋಚನೆಯ ತೀವ್ರತೆ ಅಲೆಯಂತೆ ಏರಿ ಇಳಿಯುವುದರಿಂದ, ಏರಿದ ಆ ಹೊತ್ತನ್ನು ಸುರಕ್ಷಿತವಾಗಿ ದಾಟಿಸುವುದರಲ್ಲೇ ಎಷ್ಟೋ ಜೀವಗಳು ಉಳಿಯುತ್ತವೆ.

14416ಕ್ಕೆ ನೀವೇ ಕರೆ ಮಾಡಿ, ಪರಿಸ್ಥಿತಿ ಹೇಳಿ, ಮಗುವಿಗೆ ಫೋನ್ ಕೊಡಿ. ಮಗು ಈಗಾಗಲೇ ಏನಾದರೂ ಮಾಡಿಕೊಂಡಿದ್ದರೆ ಸಹಾಯವಾಣಿಗೆ ಕಾಯದೆ 108 ಅಥವಾ 112ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೆ ಹೊರಡಿ; ಏನನ್ನಾದರೂ ಸೇವಿಸಿದ್ದರೆ ಅದರ ಡಬ್ಬಿಯನ್ನು ಜೊತೆಗೆ ಒಯ್ಯಿರಿ. ಕೇಸಾಗುತ್ತದೆಂದು ಹೆದರಿ ವೈದ್ಯರಿಗೆ ಸುಳ್ಳು ಹೇಳುವ ಕುಟುಂಬಗಳಿವೆ. ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಶಿಕ್ಷೆಯಿಂದ ಹೊರಗಿಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಹೇಳುತ್ತದೆ, ಆತ್ಮಹತ್ಯೆಯ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಿಂದಿನ ದಂಡಸಂಹಿತೆಯ 309ನೇ ಸೆಕ್ಷನ್ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಲ್ಲ. ನಿಜ ಹೇಳಿದರೆ ಚಿಕಿತ್ಸೆ ಬೇಗ ಸರಿಯಾಗಿ ಸಿಗುತ್ತದೆ.

ಶಿಕ್ಷಕರಿಗೆ

ತರಗತಿಯಲ್ಲಿ ಎಲ್ಲರೆದುರು ‘ನಿನಗೆ ಕೌನ್ಸೆಲಿಂಗ್ ಬೇಕು’ ಎನ್ನುವುದು ಮಗುವನ್ನು ಗೆಳೆಯರ ನಡುವೆ ಒಂಟಿಯಾಗಿಸುತ್ತದೆ. ಸಹಾಯವಾಣಿಯ ಸಂಖ್ಯೆಗಳನ್ನು ಎಲ್ಲ ಮಕ್ಕಳಿಂದಲೂ ಡೈರಿಯ ಕೊನೆಯ ಪುಟದಲ್ಲಿ ಬರೆಸಿ. ಆಗ ಯಾರಿಗೆ ಬೇಕಿದೆಯೆಂದು ಯಾರಿಗೂ ಗೊತ್ತಾಗುವುದಿಲ್ಲ. ಶಾಲೆಯಲ್ಲಿ ಒಂದು ಕೋಣೆ, ಒಂದು ಫೋನ್, ವಾರಕ್ಕೆರಡು ಬಾರಿ ಅರ್ಧ ಗಂಟೆ ಇಷ್ಟನ್ನು ಮುಖ್ಯೋಪಾಧ್ಯಾಯರು ಮೀಸಲಿಟ್ಟರೆ ಮನೆಯಲ್ಲಿ ಜಾಗ ಸಿಗದ ಮಕ್ಕಳಿಗೆ ಅದೇ ದೊಡ್ಡ ಆಸರೆ. ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ಹಿಂದಿನ ದಿನವೇ, ಫೇಲಾಗಬಹುದೆಂಬ ಅನುಮಾನವಿರುವ ಮಕ್ಕಳಿಗೆ ಕರೆ ಮಾಡಿ. 2023–24ರಿಂದ ರಾಜ್ಯದಲ್ಲಿ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ವ್ಯವಸ್ಥೆ ಬಂದಿರುವುದರಿಂದ ಅದೇ ವರ್ಷದಲ್ಲಿ ಇನ್ನೂ ಅವಕಾಶವಿದೆ ಎಂಬ ನಿಜವಾದ ಮಾಹಿತಿಯನ್ನು ಕೊಡಿ. ಬರಿಯ ಸಮಾಧಾನದ ಮಾತಿಗಿಂತ ಅರ್ಜಿ ಹಾಕುವ ಕೊನೆಯ ದಿನಾಂಕ ಆ ಹೊತ್ತಿನಲ್ಲಿ ಹೆಚ್ಚು ಕೆಲಸ ಮಾಡುತ್ತದೆ.

ಮುಂದಿನ ವಾರಗಳಲ್ಲಿ

ಫೋನಿನ ನೆರವಿಗೂ ಒಂದು ಮಿತಿಯಿದೆ. ಕೆಲವು ವಾರ ಮಾತಾಡಿದರೂ ಮಗು ಶಾಲೆಗೆ ಮರಳದಿದ್ದರೆ, ತೂಕ ಇಳಿಯುತ್ತಿದ್ದರೆ, ಗಾಯ ಮಾಡಿಕೊಳ್ಳುವುದು ನಿಲ್ಲದಿದ್ದರೆ ನೇರವಾಗಿ ತೋರಿಸಬೇಕು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗ, ಗೊತ್ತುಪಡಿಸಿದ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ನಡೆಯುವ ಮನೋಚೈತನ್ಯ ಶಿಬಿರ, ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವುಗಳಲ್ಲಿ ನಿಮಗೆ ಹತ್ತಿರವಾದದ್ದನ್ನು ಆರಿಸಿಕೊಳ್ಳಿ. ಶಿಬಿರದ ದಿನವನ್ನು ಆಶಾ ಕಾರ್ಯಕರ್ತೆಯಿಂದಲೋ ಆಸ್ಪತ್ರೆಯಿಂದಲೋ ಕೇಳಿ ತಿಳಿದುಕೊಂಡು ಹೊರಡುವುದು ಒಳ್ಳೆಯದು. ಔಷಧ ಆರಂಭವಾದರೆ ಅದರ ಪರಿಣಾಮ ಕಾಣಲು ವಾರಗಳೇ ಬೇಕಾಗುತ್ತವೆ. ಮೊದಲ ವಾರಗಳಲ್ಲಿ ಚಡಪಡಿಕೆಯೋ ಸಾಯುವ ಮಾತೋ ಹೆಚ್ಚಿದರೆ ಅಂದೇ ವೈದ್ಯರಿಗೆ ತಿಳಿಸಬೇಕು, ಸ್ವಲ್ಪ ಗೆಲುವಾದನೆಂದು ಕೇಳದೆ ನಿಲ್ಲಿಸಲೂಬಾರದು.

ಒಂದು ಸಣ್ಣ ಪುಸ್ತಕದಲ್ಲಿ ಕರೆ ಮಾಡಿದ ದಿನಾಂಕ, ಕೊಟ್ಟ ಸಲಹೆ, ಔಷಧದ ಹೆಸರು, ಮುಂದಿನ ಭೇಟಿ ಇಷ್ಟನ್ನು ಮಗುವೇ ಬರೆದಿಟ್ಟುಕೊಳ್ಳಲಿ. ಒಳಗಿನ ಮಾತುಗಳು ಅದರಲ್ಲಿ ಬೇಡ, ಪುಸ್ತಕ ಯಾರ ಕೈಗಾದರೂ ಸಿಗಬಹುದು. ಪಿಯುಸಿ ಮುಗಿಸಿ ಹಾಸ್ಟೆಲಿಗೆ ಹೊರಡುವಾಗ ಈ ಪುಸ್ತಕವೂ ಔಷಧದ ಚೀಟಿಗಳೂ ಮಗುವಿನ ಜೊತೆಗೇ ಹೋಗಬೇಕು, ಹೊಸ ಊರಿನಲ್ಲಿ ಯಾರನ್ನು ಕಾಣಬೇಕೆಂದು ಈಗಿನ ವೈದ್ಯರನ್ನು ಹೊರಡುವ ಮೊದಲೇ ಕೇಳಿಕೊಂಡಿರಬೇಕು. 18 ತುಂಬಿದ ದಿನದಿಂದ ಚಿಕಿತ್ಸೆಯ ಒಪ್ಪಿಗೆ ಕೊಡುವವರು ಅವರೇ. ವೈದ್ಯರು ನಿಮಗೆ ಏನನ್ನಾದರೂ ಹೇಳಬೇಕಾದರೂ ಅವರನ್ನು ಕೇಳಿಯೇ ಹೇಳುತ್ತಾರೆ. ಅದಕ್ಕೆ ಒಂದು ವರ್ಷ ಮೊದಲಿನಿಂದಲೇ ಭೇಟಿಯ ದಿನ ಗೊತ್ತುಮಾಡುವುದು, ಔಷಧ ಮುಗಿಯುವ ಮುಂಚೆ ತರುವುದು, ಸಹಾಯವಾಣಿಗೆ ತಾನೇ ಕರೆ ಮಾಡುವುದು ಇವನ್ನೆಲ್ಲ ಮಗುವಿನ ಕೈಯಲ್ಲೇ ಮಾಡಿಸುತ್ತ ಬನ್ನಿ.